ಗಂಡಭೇರುಂಡಕ್ಕೆ ಜೈಕಾರ ಹಾಕುವವರಿಲ್ಲ

ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲಿ ಗಂಡಭೇರುಂಡವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1916ರಲ್ಲಿ ಸ್ಥಾಪನೆಯಾದ ಸಂಸ್ಥೆಗೆ ಅರಮನೆಯ ಹಕ್ಕಿಯೇ ಒದಗಿಬಂದದ್ದು ಸಹಜ. ರಾಜ್ಯ ಸರ್ಕಾರದ ಮುದ್ರೆಯಲ್ಲೂ ಇರುವ ಈ ಎರಡು ತಲೆಯ ಪಕ್ಷಿಯನ್ನು ನಾವೆಲ್ಲರೂ ಗೌರವಿಸುತ್ತೇವೆ. ಆದರೆ ಮಹಾರಾಜ ಕಾಲೇಜು ಮೈದಾನದಲ್ಲಿ ಅಂತರಕಾಲೇಜು ಪಂದ್ಯ ನಡೆಯುವಾಗ ಅದರ ಹೆಸರೆತ್ತಿ ಹುರಿದುಂಬಿಸಿದವರನ್ನು ನಾನಂತೂ ಕಂಡಿಲ್ಲ.

ಅಮೆರಿಕದ ವಿಶ್ವವಿದ್ಯಾನಿಲಯಗಳ ಕ್ರೀಡಾತಂಡಗಳಿಗೆ ಅಡ್ಡಹೆಸರು ಬಂದ ಬಗೆಯೇ ಬೇರೆ. ಇಂಡಿಯಾನಾ ರಾಜ್ಯದ ಪರ್ಡ್ಯೂ ತಂಡವು 1891ರಲ್ಲಿ ವಾಬಾಶ್ ಕಾಲೇಜನ್ನು ಅದರದೇ ಊರಿನಲ್ಲಿ 44–0 ಅಂತರದಿಂದ ಸೋಲಿಸಿದಾಗ, ಆ ಊರಿನ ಪತ್ರಿಕೆಯು ಹೊಟ್ಟೆಯುರಿ ತಡೆಯಲಾರದೆ ಗೆದ್ದವರನ್ನು ಬಾಯ್ಲರ್ ಮಾಡುವ ದಾಂಡಿಗರೆಂದು ಹೀಯಾಳಿಸಿತು. ಎಂಜಿನಿಯರಿಂಗ್ ಕಲಿಯುತ್ತ ಕುಲುಮೆಯ ಮಸಿ ಕಂಡಿದ್ದ ಪರ್ಡ್ಯೂ ಹುಡುಗರಿಗೆ ಈ ಬೈಗುಳ ಹಿಡಿಸಿಬಿಟ್ಟಿತು. ಇಂದಿಗೂ ಅವರು ಬಾಯ್ಲರ್‌ಮೇಕರ್ಸ್. ಸೋತವರ ಸಿಟ್ಟಿನಿಂದ ಹುಟ್ಟಿದ ಹೆಸರೊಂದನ್ನು ಗೆದ್ದವರು ಹೀಗೆ ಹೆಮ್ಮೆಯಿಂದ ಹೊತ್ತುಕೊಂಡದ್ದು ನನಗೆ ಬಹಳ ಇಷ್ಟವಾದ ಸಂಗತಿ.

ವಿಸ್ಕಾನ್ಸಿನ್‌ನವರು ಬ್ಯಾಜರ್ಸ್. ಬ್ಯಾಜರ್ ಎಂಬುದು ಬಿಲ ತೋಡುವ ಪ್ರಾಣಿ; ಆದರೆ ಹೆಸರಿನ ಮೂಲದಲ್ಲಿರುವವರು 1820ರ ದಶಕದಲ್ಲಿ ಸೀಸದ ಅದಿರನ್ನು ಅರಸಿ ಬಂದು, ಮನೆ ಕಟ್ಟಿಕೊಳ್ಳಲು ಪುರುಸೊತ್ತಿಲ್ಲದೆ ಗುಡ್ಡದ ಮಗ್ಗುಲು ಕೊರೆದು ಚಳಿಗಾಲ ಕಳೆದ ಗಣಿಕಾರ್ಮಿಕರು. ಜೀವಂತ ಬ್ಯಾಜರನ್ನೇ ಪಂದ್ಯಕ್ಕೆ ತರುತ್ತಿದ್ದುದೂ ಉಂಟು, ಆದರೆ ಅದು ಯಾರ ಹಿಡಿತಕ್ಕೂ ಸಿಗದಷ್ಟು ಮುಂಗೋಪಿ. ಕೊನೆಗೆ ಬ್ಯಾಜರ್ ವೇಷ ತೊಟ್ಟ ವಿದ್ಯಾರ್ಥಿಯೇ ಅದರ ಜಾಗಕ್ಕೆ ಬಂದ. ನೆಬ್ರಾಸ್ಕಾದವರನ್ನು ಮೊದಲು ಹುಳ ತಿನ್ನುವವರೆಂದು ಕರೆಯುತ್ತಿದ್ದರು. 1900ರ ಹೊತ್ತಿಗೆ ಅವರು ಮುಸುಕಿನ ಜೋಳದ ಸಿಪ್ಪೆ ಸುಲಿಯುವವರಾದರು.

ಬಂದ ಹೆಸರೆಲ್ಲವೂ ಉಳಿಯಬೇಕೆಂದೇನೂ ಇಲ್ಲ. ಸ್ಟ್ಯಾನ್‌ಫರ್ಡ್ ತನ್ನ ತಂಡಕ್ಕಿದ್ದ ‘ಇಂಡಿಯನ್ಸ್’ ಎಂಬ ಹೆಸರನ್ನು, ಮೂಲನಿವಾಸಿ ವಿದ್ಯಾರ್ಥಿಗಳ ಆಕ್ಷೇಪವನ್ನು ಮನ್ನಿಸಿ, 1972ರಲ್ಲಿ ಕೈಬಿಟ್ಟಿತು. ತಮ್ಮ ದುಡಿಮೆಯನ್ನು ತಾವೇ ಮೆರೆಸುವುದು ಬೇರೆ, ಇನ್ನೊಬ್ಬರ ಜನಾಂಗವನ್ನು ವೇಷವಾಗಿ ತೊಡುವುದು ಬೇರೆ.

ನಮ್ಮಲ್ಲಿ ಇಂಥ ಅಭಿಮಾನಕ್ಕೆ ಬರವಿಲ್ಲ. ದಸರಾ ಕುಸ್ತಿಯ ಕಣದಲ್ಲಿ ಪೈಲ್ವಾನನ ಹೆಸರಿನ ಜೊತೆಗೆ ಉಸ್ತಾದರ ಹೆಸರನ್ನೂ ಗರಡಿಯ ಹೆಸರನ್ನೂ ಮೈಕಿನಲ್ಲಿ ಕೂಗಿದ ಕೂಡಲೇ, ಆ ಮೊಹಲ್ಲಾದವರೆಲ್ಲ ಒಟ್ಟಿಗೆ ಶಿಳ್ಳೆ ಹೊಡೆಯುತ್ತಾರೆ. ಕಾಲೇಜು ತಂಡಗಳಿಗೆ ಮಾತ್ರ ಆ ಭಾಗ್ಯವಿಲ್ಲ. ಪಂದ್ಯ ನೋಡಲು ಊರಿನವರು ಬರುವುದಿಲ್ಲ. ನೋಡುವವರೇ ಇಲ್ಲದ ಮೇಲೆ ಅಡ್ಡಹೆಸರಿಟ್ಟು ಕಿಚಾಯಿಸುವವರು ಎಲ್ಲಿಂದ ಬರಬೇಕು? ಹಾಗಾಗಿ ಜೆರ್ಸಿ ಹೊಲಿಸುವ ದಿನ ಟೈಗರ್ಸ್, ಲಯನ್ಸ್, ವಾರಿಯರ್ಸ್ ಎಂಬ ಸಿದ್ಧ ಹೆಸರುಗಳಲ್ಲೊಂದನ್ನು ಬೆನ್ನ ಮೇಲೆ ಅಚ್ಚು ಹಾಕಿಸುತ್ತಾರೆ.

ಮಂಡ್ಯದ ಹುಡುಗರಿಗಾದರೂ ಸಿಂಹದ ಹಂಗೇಕೆ? ಸಕ್ಕರೆ ಕಾರ್ಖಾನೆ 1930ರ ದಶಕದಿಂದ ಊರಿನ ನಡುವೆಯೇ ಇದೆ, ವಿಶ್ವೇಶ್ವರಯ್ಯ ನಾಲೆಯ ನೀರುಂಡ ಕಬ್ಬಿನ ಗದ್ದೆ ಸುತ್ತಲೂ ಇದೆ, ಅಪ್ಪನ ಜೊತೆ ಕಬ್ಬು ಕಡಿದು ಗಾಡಿಗೆ ಹೇರಿದವರು ಪ್ರತಿ ತಂಡದಲ್ಲೂ ಸಿಗುತ್ತಾರೆ. ‘ಕಬ್ಬು ಕಡಿಯೋರು’ ಎಂದು ಎದುರಾಳಿಗಳು ಒಮ್ಮೆ ಆಡಿಕೊಂಡರೆ ಸಾಕು, ಮುಂದಿನ ಪಂದ್ಯಕ್ಕೆ ಅದನ್ನೇ ಜೆರ್ಸಿಯ ಮೇಲೆ ಬರೆಸಿಕೊಳ್ಳಿ ಎಂಬುದು ನನ್ನ ಸಲಹೆ.