ಜಾಗ ಖಾಲಿ ಇಲ್ಲ ಅಂತ ಜೋರ್ಡನ್‌ನನ್ನು ಬಿಟ್ಟರು
1984ರ ಎನ್‌ಬಿಎ ಡ್ರಾಫ್ಟ್ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ನೆನೆದರೆ ಈಗಲೂ ಸಂಕಟ ಆಗುತ್ತೆ. ಎರಡನೇ ಆಯ್ಕೆ ಪೋರ್ಟ್‌ಲ್ಯಾಂಡ್ ತಂಡದ್ದು. ಬುಟ್ಟಿಯಿಂದ ದೂರದಲ್ಲಿ ಆಡುವ ಗಾರ್ಡ್ ಜಾಗಕ್ಕೆ ಹಿಂದಿನ ವರ್ಷ ತಂದ ಕ್ಲೈಡ್ ಡ್ರೆಕ್ಸ್‌ಲರ್ ಇದ್ದ, ಬೇಕಿದ್ದದ್ದು ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ. ಕಾಲಿನ ಗಾಯದಿಂದ ಕಾಲೇಜಿನಲ್ಲೇ ಎರಡು ಸೀಸನ್ ಕಳೆದುಕೊಂಡಿದ್ದ ಸ್ಯಾಮ್ ಬೋವಿಯನ್ನು ಆರಿಸಿದರು. ಮುಂದೆ ದಂತಕಥೆಯಾದ ಮೈಕಲ್ ಜೋರ್ಡನ್, ಅವನೂ ಗಾರ್ಡೇ, ಮೂರನೆಯವನಾಗಿ ಚಿಕಾಗೊ ಪಾಲಾದ.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸ್ತಾರೆ. ನನಗೆ ಹ್ಯೂಸ್ಟನ್ ತಂಡ ಮಾಡಿದ್ದು ಹೆಚ್ಚು ಮುಖ್ಯ. 7 ಅಡಿ 4 ಅಂಗುಲದ ರಾಲ್ಫ್ ಸ್ಯಾಂಪ್ಸನ್ ಇದ್ದರೂ, ಅವರು ಮೊದಲ ಆಯ್ಕೆಯಲ್ಲಿ ಇನ್ನೊಬ್ಬ ಸೆಂಟರ್ ಹಕೀಮ್ ಒಲಾಜುವಾನ್‌ನನ್ನೇ ತಂದರು! ಇಬ್ಬರನ್ನೂ ಒಟ್ಟಿಗೆ ಆಡಿಸಿ 1986ರಲ್ಲಿ ಫೈನಲ್ಸ್ ತಲುಪಿದರು. 1994, 1995ರಲ್ಲಿ ಹಕೀಮ್ ಪಟ್ಟವನ್ನೇ ಗೆದ್ದುಕೊಟ್ಟ.

ಬೋವಿಯನ್ನು ದೂರಬೇಡಿ, ಪಾಪ, ಅವನ ಕಾಲು ಅವನ ಕೈಲಿರಲಿಲ್ಲ. ಆದರೆ ಡ್ರೆಕ್ಸ್‌ಲರ್ ಜೊತೆ ಜೋರ್ಡನ್‌ನನ್ನೂ ಖಂಡಿತ ಆಡಿಸಬಹುದಿತ್ತು.