ತಟ್ಟೆಯಲ್ಲಿ ಬೆಳೆದದ್ದನ್ನು ಅಜ್ಜಿಗೆ ಹಾಕಬಹುದೇ?

ಸೋಮವಾರಪೇಟೆಗೆ ಹೋದಾಗಲೆಲ್ಲ, ಕಾಫಿ ಕಣದಲ್ಲಾಗಲಿ ಮದುವೆಯ ಪಂಕ್ತಿಯಲ್ಲಾಗಲಿ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಬೆಂಗಳೂರಿನ ಲ್ಯಾಬಿನಲ್ಲಿ ಮೆದುಳು ಬೆಳೆಸ್ತೀಯಂತೆ, ಅದನ್ನ ಮರೆವಿನ ಅಜ್ಜಿಗೆ ಹಾಕಬಹುದಲ್ಲ?"

ಹಾಕಲಾಗದು. ಪಾರ್ಕಿನ್ಸನ್ ರೋಗಿಗಳ ಮೆದುಳಿಗೆ ಕೋಶಗಳನ್ನು ಸೇರಿಸುವ ಪ್ರಯೋಗ 2018ರಲ್ಲಿ ಕ್ಯೋಟೊದಲ್ಲಿ ಶುರುವಾಗಿದೆ, ನಿಜ. ನಮ್ಮ ಕೆಲಸ ಅದಲ್ಲ; ಕಾಯಿಲೆಯಲ್ಲಿ ಏನಾಗುತ್ತದೆಂದು ತಿಳಿಯಲು ರೋಗಿಯದೇ ನರಕೋಶಗಳನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ನೋಡುವುದು.

ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ಕಾಟ ಗೊತ್ತು. ಎಲೆ ಹಳದಿಯಾಗಿ ಗಿಡ ಬಾಡುವ ಹೊತ್ತಿಗೆ ಹುಳು ಒಳಗೆಲ್ಲ ಸುರಂಗ ಕೊರೆದಾಗಿರುತ್ತದೆ. ಕಣ್ಣಾರೆ ನೋಡಬೇಕೆಂದರೆ ಗಿಡವನ್ನೇ ಕಿತ್ತು ಸೀಳಬೇಕು. ಬದುಕಿರುವವರ ಮೆದುಳನ್ನು ಹಾಗೆ ನೋಡುವಂತಿಲ್ಲ, ತೀರಿಕೊಂಡವರ ಮೆದುಳಿನಲ್ಲಿ ಕಾಣುವುದು ರೋಗದ ಕೊನೆಯೇ ಹೊರತು ಮೊದಲಲ್ಲ, ಇಲಿಗಂತೂ ಮರೆವಿನ ಕಾಯಿಲೆಯಾದ ಆಲ್ಝೈಮರ್ ತಾನಾಗಿ ಬರುವುದೇ ಇಲ್ಲ.

ನಾಲ್ಕು ಜೀನ್‌ಗಳನ್ನು ಸೇರಿಸಿದರೆ ಬಲಿತ ಚರ್ಮದ ಕೋಶ, ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶದಂಥ ಸ್ಥಿತಿಗೆ ಮರಳುತ್ತದೆಂದು (ಕಾಂಡಕೊರಕಕ್ಕೂ ಇದಕ್ಕೂ ನಂಟಿಲ್ಲ) ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶಗಳಲ್ಲಿ, 2007ರಲ್ಲಿ ಮನುಷ್ಯರ ಕೋಶಗಳಲ್ಲಿ ತೋರಿಸಿದರು. ಹೀಗೆ ರೋಗಿಯ ರಕ್ತದ ಕೋಶದಿಂದಲೇ ನರಕೋಶ ಮಾಡಿದರೆ ಆ ಮನೆತನದ ಜೀನ್‌ಗಳೆಲ್ಲ ಅದರಲ್ಲಿ ಇರುತ್ತವೆ. ಹಲವರಿಗೆ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಮತ್ತು ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಈ ದಾರಿಯಲ್ಲೇ ಅಧ್ಯಯನ ಮಾಡಿವೆ.

ತಟ್ಟೆಗಳು 37 ಡಿಗ್ರಿ ಶಾಖದಲ್ಲಿ, ಗುಲಾಬಿ ಬಣ್ಣದ ದ್ರವದಲ್ಲಿರುತ್ತವೆ. ದ್ರವ ಹಳದಿಗೆ ತಿರುಗಿದರೆ ಆಮ್ಲ ಹೆಚ್ಚಿದೆಯೆಂದರ್ಥ, ಬದಲಿಸಬೇಕು. ಹೋದ ಹುತ್ತರಿಗೆ ನಾನು ಬಾರದ್ದಕ್ಕೆ ಕಾರಣ ಇಷ್ಟೇ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಂತೆ ಕೋಶಗಳು ಎಳೆ ಚಾಚಿ ಒಂದನ್ನೊಂದು ಮುಟ್ಟುತ್ತವೆ, ಕೆಲವು ವಾರಗಳಾದ ಮೇಲೆ ತಟ್ಟೆಯ ತಳದ ವಿದ್ಯುದ್ವಾರಗಳಲ್ಲಿ ಅವುಗಳ ವಿದ್ಯುತ್ ಮಿಡಿತ ದಾಖಲಾಗುತ್ತದೆ: ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಎಲ್ಲವೂ ಒಟ್ಟಿಗೆ. ರೋಗಿಯ ಜಾಲ ಆರೋಗ್ಯವಂತ ಒಡಹುಟ್ಟಿದವರ ಜಾಲಕ್ಕಿಂತ ಹೇಗೆ ಬೇರೆಯಾಗಿ ಮಿಡಿಯುತ್ತದೆ, ಯಾವ ಮದ್ದು ಆ ವ್ಯತ್ಯಾಸವನ್ನು ಕುಗ್ಗಿಸುತ್ತದೆ ಎಂಬುದೇ ನಮ್ಮ ಪ್ರಶ್ನೆ.

2013ರಲ್ಲಿ ವಿಯೆನ್ನಾದಲ್ಲಿ ಬೆಳೆಸಿದ, ಪತ್ರಿಕೆಗಳು 'ಪುಟ್ಟ ಮೆದುಳು' ಎಂದು ಕರೆದ ಕೋಶಗಳ ಉಂಡೆಗಳೂ ಕೆಲವೇ ಮಿಲಿಮೀಟರ್ ಗಾತ್ರದವು. ರಕ್ತನಾಳವಿಲ್ಲದೆ ಅವುಗಳ ನಡುಭಾಗ ಸಾಯುತ್ತದೆ. ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ವಯಸ್ಸು. ಕೋಶವನ್ನು ಹಿಂದಕ್ಕೆ ಮರಳಿಸುವಾಗ ಅದರ ಮುಪ್ಪೂ ಬಹುಮಟ್ಟಿಗೆ ಅಳಿಸಿಹೋಗುವುದರಿಂದ, ಅಜ್ಜಿಯ ರಕ್ತದಿಂದ ಮಾಡಿದ ನರಕೋಶವೂ ಗರ್ಭದ ಶಿಶುವಿನದರಷ್ಟೇ ಎಳೆಯದು. 2014ರಲ್ಲಿ ಅಮೆರಿಕದ ಸಂಶೋಧಕರು ತಟ್ಟೆಯ ನರಕೋಶಗಳಲ್ಲಿ ಆಲ್ಝೈಮರ್‌ನ ಗುರುತುಗಳಾದ ಅಮಿಲಾಯ್ಡ್ ಪ್ರೋಟೀನಿನ ಚಕ್ಕೆಗಳನ್ನೂ ಟೌ ಪ್ರೋಟೀನಿನ ಗಂಟುಗಳನ್ನೂ ಮೂಡಿಸಿದರು. ಅದಕ್ಕೆ ಅವರು ಬಳಸಿದ್ದು ನಡುವಯಸ್ಸಿನಲ್ಲೇ ಕಾಯಿಲೆ ತರುವ ಅಪರೂಪದ ಜೀನ್ ದೋಷಗಳನ್ನು. ನಮ್ಮಜ್ಜಿಗೆ ಮರೆವು ಶುರುವಾದದ್ದು ಎಂಬತ್ತು ದಾಟಿದ ಮೇಲೆ.