ಗೋಡೆಯಿಂದ ಇಳಿದು ಬಂದ ಮೀನು

ನಿನ್ನೆ ಕರಕುಶಲ ಮೇಳದಲ್ಲಿ, ಬಿಹಾರದ ಮಧುಬನಿಯಿಂದ ಬಂದಿದ್ದ ಹೆಂಗಸೊಬ್ಬರ ಹತ್ತಿರ ಒಂದು ಮೀನಿನ ಚಿತ್ರ ತಗೊಂಡೆ. ಸಗಣಿ ನೀರು ಬಳಿದು ಒಣಗಿಸಿದ ಕಾಗದ. ಮೀನಿನ ಸುತ್ತ ಜೋಡಿ ಗೆರೆ, ಆ ಎರಡರ ನಡುವೆ ಕೂದಲೆಳೆಯಂಥ ಅಡ್ಡಗೀಟುಗಳು. ಮನೆಗೆ ಬಂದು ಎಣಿಸೋಕೆ ಕೂತವಳು ಬಾಲ ಮುಟ್ಟುವಷ್ಟರಲ್ಲಿ ಲೆಕ್ಕ ತಪ್ಪಿದೆ.

ಈ ಮಧುಬನಿ ಚಿತ್ರ ಮೊದಲು ಮಾರುವ ಚಿತ್ರವೇ ಆಗಿರಲಿಲ್ಲ. ಮಧುಬನಿ ಇರುವ ಮಿಥಿಲೆ ಸೀಮೆಯ ಹೆಂಗಸರು ಮದುವೆಮನೆಯ ಕೋಹಬರ್, ಅಂದರೆ ಮದುಮಕ್ಕಳ ಕೋಣೆಯ ಗೋಡೆಗೆ, ಹೊಸ ಜೋಡಿಗೆ ಒಳ್ಳೇದಾಗಲಿ ಅಂತ ಬರೀತಿದ್ದದ್ದು: ತಾವರೆ, ಬಿದಿರು, ಮೀನು, ಆಮೆ, ಗಿಳಿ. 1934ರ ಭೂಕಂಪದಲ್ಲಿ ಗೋಡೆಗಳು ಬಿರಿದಾಗ ಆರ್ಚರ್ ಎಂಬ ಬ್ರಿಟಿಷ್ ಅಧಿಕಾರಿಯ ಕಣ್ಣಿಗೆ ಬಿತ್ತು. 1960ರ ದಶಕದ ಬರಗಾಲದಲ್ಲಿ, ಸಂಸಾರಕ್ಕೆ ನಾಲ್ಕು ಕಾಸಾಗಲಿ ಅಂತ, ಸರ್ಕಾರದ ಕರಕುಶಲ ಮಂಡಳಿಯವರು ಈ ಹೆಂಗಸರ ಕೈಗೆ ಕಾಗದ ಕೊಟ್ಟು ಬರೆಸಿದರು. ಸೀತಾದೇವಿ, ಗಂಗಾದೇವಿಯಂಥ ಕಲಾವಿದೆಯರ ಹೆಸರು ಹೊರಗೆ ಗೊತ್ತಾದದ್ದು ಆಮೇಲೆ.

ಈ ಕಲೆಯಲ್ಲಿ ಬೇರೆ ಬೇರೆ ಶೈಲಿಗಳಿವೆ: ಬಣ್ಣ ತುಂಬುವ ಭರ್ನಿ ಬ್ರಾಹ್ಮಣರ ಮನೆಗಳಲ್ಲಿ ಬೆಳೆದದ್ದು, ಗೆರೆಯನ್ನೇ ನಂಬಿದ ಕಚ್ನಿ ಕಾಯಸ್ಥ ಜಾತಿಯವರಲ್ಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಗೋದ್ನಾ. ಗೋದ್ನಾ ಅಂದರೆ ಹಚ್ಚೆ. ದುಸಾಧ್ ಸಮುದಾಯದ ದಲಿತ ಹೆಂಗಸರು ಮೈಮೇಲಿನ ಹಚ್ಚೆಯ ಚಿತ್ತಾರವನ್ನೇ ಕಾಗದಕ್ಕೆ ತಂದರು, ತಾವು ದೇವರಂತೆ ಪೂಜಿಸುವ ಜನಪದ ವೀರ ರಾಜಾ ಸಲ್ಹೇಸನ ಕಥೆ ಬರೆದರು. ತಮ್ಮ ಚರ್ಮದ ಮೇಲಿದ್ದುದನ್ನೇ ಕಲೆಯಾಗಿ ನಿಲ್ಲಿಸಿದ ಆ ಧೈರ್ಯ ನೆನೆದರೆ ಗಂಟಲು ಕಟ್ಟುತ್ತೆ.

ಗೋಡೆಗೆ ಬರೆದ ಎಷ್ಟೋ ಅಜ್ಜಿಯರ ಹೆಸರು ಸುಣ್ಣದ ಜೊತೆಗೇ ಹೋಯಿತು. ಅದಕ್ಕೇ, ‘ದೀದಿ, ಮೂಲೆಯಲ್ಲಿ ನಿಮ್ಮ ಹೆಸರು ಬರೆದುಕೊಡಿ’ ಅಂದೆ. ನಿಬ್ಬು ಅದ್ದಿ, ನಿಧಾನವಾಗಿ, ಬಾಲದ ಕೆಳಗೆ ಬರೆದರು.